ಹಿಂಡಿದ ನೀರು

"ಹಿಂಡೇ ಬೇವರ್ಸಿ, ಇನ್ನೂ ಹಿಂಡು. ಕ್ಯಾಪ್ಟನ್ ಸಾಹೇಬ್ರ ನೀರನ್ನ ನಿನ್ನ ಗುಡಿಸ್ಲಿಗೆ ಹೊತ್ಕೊಂಡ್ ಹೋಗ್ತೀಯಾ?"

ಡಾಕ್‌ಯಾರ್ಡಿನ ಗೇಟಿನ ಹತ್ತಿರ ಕಾವಲುಗಾರ ಎಲ್ರಾಯ್ ಬೈಯುತ್ತಿದ್ದ. ಇಸ್ಮೇ ಬೆಡ್‌ಶೀಟನ್ನು ಹಿಂಡಿದಳು. ನೀರು ಚಪ್ಪಡಿಯ ಮೇಲೆ ಬಿದ್ದು ಬಿಸಿಲಿಗೆ ಅಲ್ಲೇ ಆರಿತು.

ಆಂಟಿಗಾ ದ್ವೀಪದಲ್ಲಿ ಆ ವರ್ಷ ಮಳೆ ಬಂದಿರಲಿಲ್ಲ. ಊರಿನ ಕೆರೆಯಲ್ಲಿ ಉಳಿದ ಕೆಸರಲ್ಲಿ ಆಡೊಂದು ಸತ್ತು ಕೊಳೆಯುತ್ತಿತ್ತು. ಆ ನೀರು ಕುಡಿದ ಇಸ್ಮೇಯ ಮಗಳು ಊನಾ ವಾಂತಿಭೇದಿಯಾಗಿ ಮಲಗಿದ್ದಳು. ಡಾಕ್‌ಯಾರ್ಡಿನ ನೆಲದಡಿಯ ತೊಟ್ಟಿಗಳಲ್ಲಿ ಮಾತ್ರ ಹಿಂದಿನ ವರ್ಷಗಳ ಮಳೆನೀರು ತುಂಬಿತ್ತು. ಅದಿದ್ದದ್ದು ಸಾಹುಕಾರರ ವಿಹಾರನೌಕೆಗಳ ಉಪ್ಪು ತೊಳೆಯಲಿಕ್ಕೆ, ಅವರ ಬಟ್ಟೆ ಒಗೆಯಲಿಕ್ಕೆ. ಒಗೆಯುವ ಹೆಂಗಸರು ಒಂದು ಬೊಗಸೆಯನ್ನೂ ಮನೆಗೆ ಒಯ್ಯುವಂತಿರಲಿಲ್ಲ. ಇಸ್ತ್ರಿಗೆಂದು ಬಟ್ಟೆ ಒಯ್ಯಬಹುದಿತ್ತು. ಇಸ್ಮೇ ಒಗೆದ ಬೆಡ್‌ಶೀಟನ್ನು ಮತ್ತೆ ತಿಳಿನೀರಲ್ಲಿ ಅದ್ದಿ, ಹಿಂಡದೆ ಹೊತ್ತೊಯ್ದು, ಮಗಳ ಲೋಟಕ್ಕೆ ಹಿಂಡುತ್ತಿದ್ದಳು. ಇವತ್ತು ಸಿಕ್ಕಿಬಿದ್ದಿದ್ದಳು.

"ಮಗೂಗೆ ಕಣೋ ಎಲ್ರಾಯ್. ನಾಲಿಗೆ ಒಣಗ್ಬಿಟ್ಟೈತೆ."

"ನನ್ನ ಮಕ್ಕಳ ತಟ್ಟೇಗೆ ಮುದ್ದೆ ಬೀಳೋದು ಈ ಕೆಲ್ಸದಿಂದ. ಹಿಂಡು."

"ಬಿಡೋ ಖಾಕಿಚಡ್ಡಿ," ತೊಟ್ಟಿಯ ಪಂಪಿನ ಬಳಿ ಒಗೆಯುತ್ತಿದ್ದ ಕೆಟೂರಜ್ಜಿ ಕೂಗಿದಳು. "ನಿಮ್ಮಪ್ಪ ಈ ಸಾಹೇಬ್ರ ಬಲೇಲಿ ಮೀನು ಕದ್ದು ನಿನ್ನ ಸಾಕ್ಲಿಲ್ವಾ?"

ಅಷ್ಟರಲ್ಲಿ ಕ್ಯಾಪ್ಟನ್ ಹೋಲ್‌ಕ್ರಾಫ್ಟ್ ಅತಿಥಿಗಳನ್ನು ಕರೆದುಕೊಂಡು ಬಂದ. ಬಿಳಿಯರ ನೌಕಾಪಡೆ ಕಟ್ಟಿಸಿ ಬಿಟ್ಟುಹೋಗಿ ಪಾಳುಬಿದ್ದಿದ್ದ ಯಾರ್ಡನ್ನು ರಿಪೇರಿ ಮಾಡಿಸಿ ನೋಡುಗರಿಗೆ ತೆರೆದವನು ಅವನೇ. ಬೂಟುಗಾಲಿನಿಂದ ತೊಟ್ಟಿಯ ಮೇಲ್ಗಲ್ಲನ್ನು ಕುಟ್ಟಿದ.

"ಇನ್ನೂರು ವರ್ಷ ಆಯ್ತು. ಒಂದು ಹನಿ ಸೋರಿಲ್ಲ. ಅದು ನಮ್ಮ ನೌಕಾಪಡೆಯ ದೂರದೃಷ್ಟಿ."

"ದೂರದೃಷ್ಟಿ ಅವ್ರದ್ದು, ಕಲ್ಲು ಹೊತ್ತ ಬೆನ್ನು ನಮ್ಮೋರ್ದು," ಎಂದಳು ಕೆಟೂರಜ್ಜಿ. "ಬೆನ್ನಿಗೆ ಬಿದ್ದ ಬಾರುಕೋಲು ಮತ್ತೆ ಅವ್ರದ್ದೇ."

"ಮುದುಕಿ ಏನಂತಾಳೆ?" ಟೋಪಿ ಹಾಕಿದ್ದ ಅತಿಥಿ ಹೆಂಗಸು ಕೇಳಿದಳು.

"ಯಾವುದೋ ಹಳೇ ಹಾಡು," ಎಂದ ಕ್ಯಾಪ್ಟನ್.

ಆ ಹೆಂಗಸು ಇಸ್ಮೇಯ ಕಡೆ ಕ್ಯಾಮೆರಾ ಹಿಡಿದಳು. "ಇವಳು ಹಿಂಡೋದು ಚೆನ್ನಾಗಿದೆ. ಥೇಟ್ ಆ ಕಾಲದ್ದೇ. ಆದ್ರೆ ನೀರು ಬೀಳೋದು ಕಾಣಬೇಕು."

ಬೆಡ್‌ಶೀಟಿನಲ್ಲಿ ಹಿಂಡಲು ಏನೂ ಉಳಿದಿರಲಿಲ್ಲ.

"ಎಲ್ರಾಯ್," ಕ್ಯಾಪ್ಟನ್ ಚಿಟಿಕೆ ಹೊಡೆದ. "ಒಂದು ಬಕೆಟ್ ನೀರು ತಂದು ಅದರ ಮೇಲೆ ಸುರಿ."

ಎಲ್ರಾಯ್ ಪಂಪು ಹೊಡೆದು ಕಂಠಮಟ್ಟ ತುಂಬಿಸಿ ತಂದ. ಬಕೆಟ್ಟಿನ ತಳದ ಬೆಸುಗೆಯೂ ಕಾಣುವಷ್ಟು ತಿಳಿನೀರು. ಅವನು ಬಗ್ಗಿಸುವ ಮೊದಲೇ ಇಸ್ಮೇ ಬೆಡ್‌ಶೀಟನ್ನು ಕೈಬಿಟ್ಟಳು. ಬಕೆಟ್ಟನ್ನು ಕಿತ್ತುಕೊಂಡು, ತಲೆಯ ಮೇಲಿಟ್ಟು ಗೇಟಿನತ್ತ ನಡೆದಳು.

"ಗೇಟು ಹಾಕು!" ಕ್ಯಾಪ್ಟನ್ ಅರಚಿದ.

ಎಲ್ರಾಯ್ ಓಡಿಹೋಗಿ ಅಗುಳಿ ಜಡಿದು ಅಡ್ಡ ನಿಂತ. "ಇಳ್ಸೇ ಇಸ್ಮೇ," ಈಗ ಅವನ ದನಿ ತಗ್ಗಿತ್ತು. "ಪೊಲೀಸ್ರನ್ನ ಕರೀತಾನೆ. ನನ್ ಕೆಲ್ಸಾನೂ ಹೋಗುತ್ತೆ."

"ಫೋಟೋಕ್ಕೆ ಸುರಿಯೋಕೆ ನೀರೈತೆ, ಊನಾ ಗಂಟಲಿಗಿಲ್ಲ. ತೆಗಿಯೋ."

"ಈ ಕರಿ ಕಳ್ಳಿಗೆ ನಾಳೆಯಿಂದ ಇಲ್ಲಿ ಕೆಲಸವಿಲ್ಲ," ಎಂದ ಕ್ಯಾಪ್ಟನ್.

ಇಸ್ಮೇ ತಿರುಗಲಿಲ್ಲ. "ನಾಳೆಯಿಂದ ನಿನ್ ಚಡ್ಡಿ ನೀನೇ ಒಗ್ಕೋ ದೊರೆ."

ಅತಿಥಿಗಳಲ್ಲೊಬ್ಬ ಕಿಸಕ್ಕನೆ ನಕ್ಕ. ಹಿಂದೆ ಪಂಪು ಕಿರುಗುಟ್ಟತೊಡಗಿತು. ಒಗೆಯುವ ಟಬ್ಬಿನಿಂದ ಸಾಹುಕಾರರ ಬಟ್ಟೆಗಳನ್ನು ನೆಲಕ್ಕೆ ಚೆಲ್ಲಿ ಕೆಟೂರಜ್ಜಿ ನೀರು ತುಂಬಿಸುತ್ತಿದ್ದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಗೇಟಿಗೆ ಹೋಗುವ ದಾರಿಯಲ್ಲಿ ಬೆಡ್‌ಶೀಟು ಬಿದ್ದಿತ್ತು. ಒಬ್ಬಳೂ ಅದನ್ನು ಸುತ್ತಿಬಳಸಿ ಹೋಗಲಿಲ್ಲ. ತುಂಬಿದ ಟಬ್ಬು ಹೊತ್ತು, ಅದನ್ನು ತುಳಿದುಕೊಂಡೇ ಬಂದು ಇಸ್ಮೇಯ ಹಿಂದೆ ನಿಂತರು.

ಎಲ್ರಾಯ್ ಕ್ಯಾಪ್ಟನ್ನನನ್ನು ನೋಡಿದ, ಹೆಂಗಸರನ್ನು ನೋಡಿದ. ಅವನ ಕೈ ಅಗುಳಿಯ ಮೇಲೇ ಇತ್ತು.

ತುಳುಕಿದ ನೀರು ಇಸ್ಮೇಯ ಕೆನ್ನೆಯ ಮೇಲಿಂದ ತುಟಿಗಿಳಿಯಿತು. ಅವಳು ಅದನ್ನೂ ನೆಕ್ಕಿಕೊಂಡಳು, ಅವನ ಕೈಯಿಂದ ಕಣ್ಣು ಕೀಳಲಿಲ್ಲ.

"ತೆಗಿ," ಎಂದಳು.