ಗೇರುಮರದ ಮರೆ

"ಇವತ್ತು ಗಾಳಿ ನಂದು. ಯಾರೂ ಮುಟ್ಟೂಕಿಲ್ಲ," ಎಂದಳು ಮಾಲಿನಿ, ಗೋಡೆಯ ಬದಿಗೆ ಚಪ್ಪಲಿ ಬಿಡುತ್ತ.

"ಗಾಳಿ ಮೊನ್ನೆ ನಾ ಹೇಳಿ ಆತು. ನೀ ಬೇರೆ ನೋಡ್ಕೋ," ಎಂದಳು ಗಂಗಕ್ಕ.

"ಬೇರೆ ಎಂತ ಉಳದದೆ ಮಾರಾಯ್ತಿ? ಕರೆಂಟಿಗೆ ಹೇಳ್ದೆ, ಅದೇ ದಿನ ಮಧ್ಯಾಹ್ನ ಹೋತು. ಇನ್ನು ಗಂಡಂಗೆ ಹೇಳೂಕೆ ಹೆದರಿಕೆ."

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಸುಪ್ರಿಯಾ ನಗಲಿಲ್ಲ. ಎಲ್ಲರೂ ವೃತ್ತ ಕಟ್ಟಿ ನಿಂತ ಮೇಲೆ ಅವಳ ಬಲಗೈ ಗಂಗಕ್ಕನ ಕೈಯಲ್ಲಿತ್ತು, ಎಡಗೈ ಮಾಲಿನಿಯ ಕೈಯಲ್ಲಿ. ಗೇರುಬೀಜದ ಸೊನೆ ಹತ್ತಿ ಹತ್ತಿ ಮೂವರ ಅಂಗೈಗಳೂ ಕಪ್ಪಾಗಿ ಬಿರಿದಿದ್ದವು. ಬೆಳಗಿನ ಸೆಕೆಗೆ ಬೆವರು ಕೂಡಿ, ಸುಟ್ಟ ಎಣ್ಣೆಯದೋ ಹಳೆಯ ಗಾಯದ್ದೋ ತಿಳಿಯದ ಒಂದು ವಾಸನೆ ಬೆರಳ ಸಂದಿಯಿಂದ ಏಳುತ್ತಿತ್ತು. ಕೈ ಬಿಡಿಸಿಕೊಂಡು ಲಂಗಕ್ಕೆ ಒರೆಸಿಕೊಳ್ಳಬೇಕು ಅನ್ನಿಸುತ್ತಿತ್ತು ಅವಳಿಗೆ. ಆದರೆ ಬಿಡಿಸಿಕೊಂಡರೆ ವೃತ್ತ ಕಡಿಯುತ್ತದೆ, ಅರ್ಚಿತಾ ಮೇಡಂ ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಾರೆ.

ಹಳದೀಪುರದ ಹೆದ್ದಾರಿ ಪಕ್ಕದ ಆ ಗೇರುಬೀಜದ ಫ್ಯಾಕ್ಟರಿಗೆ ಇದು ಹೊಸ ಪದ್ಧತಿ. ಒಡೆಯರಾದ ಕಮಲಾಕರ ಹೆಗಡೆಯವರ ಸೊಸೆ ಅರ್ಚಿತಾ ಫೋನಿನಲ್ಲೇ ಯಾವುದೋ ತರಗತಿ ಮುಗಿಸಿದ್ದಳು. ಆಮೇಲೆ ಬೇಸಿಗೆ ಶುರುವಾದಾಗಿನಿಂದ ದಿನವೂ ಕೆಲಸಕ್ಕೆ ಕೂರುವ ಮೊದಲು ಹೆಂಗಸರೆಲ್ಲ ಅಂಗಳದಲ್ಲಿ ಕೈ ಕೈ ಹಿಡಿದು ಸುತ್ತ ನಿಲ್ಲಬೇಕು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಇರಬೇಕು. ಆಮೇಲೆ ಒಬ್ಬೊಬ್ಬರೂ ಯಾವುದಾದರೂ ಒಂದಕ್ಕೆ ಕೃತಜ್ಞತೆ ಹೇಳಬೇಕು. ಒಬ್ಬರು ಹೇಳಿದ್ದು ಆ ವಾರ ಮತ್ತೆ ಆಗದು. ಮೊದಲ ದಿನ ಅರ್ಚಿತಾಳೂ ವೃತ್ತದಲ್ಲಿ ಸೇರಿ ಕೈ ಹಿಡಿದಿದ್ದಳು. ಮುಗಿದ ಮೇಲೆ ಆಫೀಸಿನ ಬಾಗಿಲ ಮರೆಯಲ್ಲಿ ನಿಂತು ಸಣ್ಣ ಬಾಟಲಿಯಿಂದ ಎಂತದೋ ಸುರಿದುಕೊಂಡು ಅಂಗೈಯನ್ನು ಮತ್ತೆ ಮತ್ತೆ ತಿಕ್ಕಿಕೊಂಡದ್ದನ್ನು ಸುಪ್ರಿಯಾ ನೋಡಿದ್ದಳು. ಮರುದಿನದಿಂದ ಮೇಡಂ ಹೊರಗೆ ನಿಂತು ಫೋನಿನಲ್ಲಿ ವಿಡಿಯೋ ತೆಗೆಯತೊಡಗಿದರು.

"ಬೇಗ ಮುಗಿಸಿದ್ರೆ ಸಾಕಾಗಿತ್ತು ಈ ಹೆಣ್ಣು," ಎಂದು ಗಂಗಕ್ಕ ಸುಪ್ರಿಯಾಳ ಕಿವಿಯಲ್ಲಿ ಗೊಣಗಿದಳು. "ಬಸ್ಸಿನಾಗಿಂದ ಹಿಡ್ಕಂಡು ಬಂದಿನೆ."

ಗಂಗಕ್ಕನೂ ಸುಪ್ರಿಯಾಳೂ ಮಿರ್ಜಾನದವರು. ಕುಮಟೆಗೆ ಒಂದು ಬಸ್ಸು, ಅಲ್ಲಿಂದ ಹಳದೀಪುರಕ್ಕೆ ಇನ್ನೊಂದು. ಗಂಗಕ್ಕನಿಗೆ ಸಕ್ಕರೆ ಕಾಯಿಲೆ. ಅವಳಿಗೆ ಆಗಾಗ ಒಂದಕ್ಕೆ ಹೋಗಲೇಬೇಕು.

ಹೋಗುವುದು ಎಲ್ಲಿಗೆ ಎಂಬುದೇ ಪ್ರಶ್ನೆ. ಹೆಂಗಸರ ಕಕ್ಕಸು ಅಂತ ಶೆಡ್ಡಿನ ಹಿಂದೆ ಒಂದು ಇತ್ತು. ಅದರ ಗುಂಡಿ ಕಳೆದ ಮಳೆಗಾಲದಲ್ಲೇ ತುಂಬಿತ್ತು. ನೀರು ಹೊಯ್ದರೆ ಒಳಗಿದ್ದದ್ದು ತಿರುಗಿ ಮೇಲೆ ಬರುತ್ತಿತ್ತು. ಹಾಗೆಯೇ ಕೆಲವು ವಾರ ಉಪಯೋಗಿಸಿದರು. ಒಂದು ದಿನ ಸುಪ್ರಿಯಾ ಬಾಗಿಲು ತೆಗೆದರೆ ಬಿಳಿ ಹುಳಗಳು ಹೊಸ್ತಿಲು ದಾಟಿ ಅವಳ ಕಾಲಬೆರಳಿನ ಹತ್ತಿರಕ್ಕೇ ಬಂದಿದ್ದವು. ಆ ದಿನ ಅವಳಿಗೆ ಊಟ ಸೇರಲಿಲ್ಲ, ಡಬ್ಬಿಯ ಅನ್ನದ ಅಗುಳೂ ಹಾಗೇ ಕಂಡಿತು. ಆಮೇಲೆ ಮೇಸ್ತ್ರಿ ದೇವು ಬಾಗಿಲಿಗೆ ತಂತಿ ಸುತ್ತಿದ. ಗುಂಡಿ ಖಾಲಿ ಮಾಡುವ ಗಾಡಿ ಬರುತ್ತದೆ ಅಂದರು. ಆಫೀಸಿನ ಪಕ್ಕ ಟೈಲ್ಸು ಹಾಕಿದ ಇನ್ನೊಂದು ಕಕ್ಕಸು ಇತ್ತು. ಹೆಂಗಸರು ಅಲ್ಲಿಗೆ ಹೋಗಬಾರದು, ಸೊನೆ ಕೈ ತಾಗಿದರೆ ಟೈಲ್ಸಿನ ಕಲೆ ಹೋಗುವುದಿಲ್ಲ ಅಂದರು.

ಹಾಗಾಗಿ ಉಳಿದದ್ದು ಹಿತ್ತಿಲಿನ ಗೇರುಮರ ಒಂದೇ. ಹಳೆಯ ಮರ, ಕೊಂಬೆಗಳು ಸುತ್ತಲೂ ನೆಲಕ್ಕೆ ತಾಗುವಷ್ಟು ಬಾಗಿದ್ದವು. ಒಂದು ಕೊಂಬೆ ಎತ್ತಿ ಒಳಗೆ ನುಸುಳಿದರೆ ಹೊರಗಿನವರಿಗೆ ಸೀರೆಯ ಚುಂಗೂ ಕಾಣದು. ಇಬ್ಬರು ಹೋಗುವುದು, ಒಬ್ಬಳು ಕೊಡೆ ಬಿಡಿಸಿ ಕಾಯುವುದು, ಒಬ್ಬಳು ಕೂರುವುದು. ಅಲ್ಲೂ ಸುಖವಿರಲಿಲ್ಲ. ಬಿದ್ದು ಕೊಳೆತ ಗೇರುಹಣ್ಣಿನ ಹುಳಿ ನಾತ, ಅದರ ಮೇಲೆ ಉಚ್ಚೆಯ ನಾತ. ನೊಣ ತುಟಿಯ ಮೇಲೆ ಬಂದು ಕೂರುತ್ತಿತ್ತು. ಕೆಂಪಿರುವೆ ಎಲ್ಲೆಂದರಲ್ಲಿ ಕಚ್ಚುತ್ತಿತ್ತು. ಹೆಂಗಸರು ಬರುವಾಗ ಒಲೆಯ ಬೂದಿ ತಂದು ಚೆಲ್ಲಿ ಹೋಗುತ್ತಿದ್ದರು. ಆದರೂ ಸುಪ್ರಿಯಾ ಆದಷ್ಟೂ ನೀರು ಕುಡಿಯುತ್ತಿರಲಿಲ್ಲ. ಎರಡು ಸಲ ಉರಿಮೂತ್ರ ಬಂದು ಜ್ವರದಲ್ಲಿ ಮಲಗಿದ್ದಳು.

"ಸುಪ್ರಿಯಾ," ಎಂದು ಅರ್ಚಿತಾ ಕರೆದಳು. ಮೃದುವಾದ ದನಿ. "ಇವತ್ತು ನಿನ್ನ ವಿಡಿಯೋ ಹಾಕೋಣ ಅಂದ್ಕೊಂಡಿದ್ದೇನೆ. ನಮ್ಮ ಗೇರುಬೀಜದ ಪ್ಯಾಕೆಟ್ಟಿನ ಇಂಟರ್ನೆಟ್ ಪೇಜಿಗೆ. ನಿನ್ನ ಮುಖದಲ್ಲಿ ಒಂದು ಮುಗ್ಧತೆ ಇದೆ. ಸೂರ್ಯ, ನೀರು ಅಂತ ಹೇಳ್ಬೇಡ, ಆಯ್ತಾ? ದಿನಾ ಅಂಥದ್ದೇ ಹೇಳ್ತೀಯ. ಒಳಗಿನಿಂದ ಬರ್ಬೇಕು. ನೀನು ದಿನಾ ನೆನೆಯುವಂಥದ್ದು, ಅದಿಲ್ಲದಿದ್ರೆ ನಿನ್ನ ದಿನವೇ ಸಾಗದು ಅನ್ನುವಂಥದ್ದು."

ಫೋನು ಅವಳ ಮುಖದ ಹತ್ತಿರ ಬಂತು. ಅದರ ಜೊತೆ ಅತ್ತರಿನ ಪರಿಮಳವೂ ಬಂತು. ಸುಪ್ರಿಯಾ ತಲೆ ಹಿಂದೆ ಸರಿಸಿದಳು. ಎಂಟನೇ ಇಯತ್ತೆಯಲ್ಲಿ ಶಾಲೆ ಬಿಟ್ಟವಳು. ಅಲ್ಲಿ ಮಾಸ್ತರು ನಿಲ್ಲಿಸಿ ಪ್ರಶ್ನೆ ಕೇಳಿದಾಗಲೂ ಹೀಗೆಯೇ ಆಗುತ್ತಿತ್ತು. ಯಾವುದು ನೆನಪಾದರೂ ಬಾಯಿಗೆ ಬರುತ್ತಿರಲಿಲ್ಲ. ಈಗ ಅದಿಲ್ಲದಿದ್ದರೆ ದಿನ ಸಾಗದು ಅನ್ನುವಂಥದ್ದು ಒಂದೇ ನೆನಪಾಯಿತು. ಬಾಯಿಗೂ ಬಂತು.

"ಹಿತ್ಲಿನ ಗೇರುಮರಕ್ಕೆ," ಎಂದಳು.

"ವಾವ್," ಎಂದಳು ಅರ್ಚಿತಾ. "ಯಾಕೆ? ಹೇಳು."

"ಅದರ ಕೊಂಬೆ ನೆಲಕ್ಕೆ ತಾಗ್ತದೆ. ಒಳಗೆ ಕೂತ್ರೆ ಯಾರಿಗೂ ಕಾಣೂದಿಲ್ಲ. ಅದಿದ್ದದ್ದಕ್ಕೆ ನಾವು ಒಂದಕ್ಕೆ ಹೋಗ್ತೇವು. ಗಂಗಕ್ಕಂಗೆ ಸಕ್ಕರೆ ಕಾಯಿಲೆ, ಅವ್ಳಿಗೆ ತಡಿಯೂಕಾಗೂದಿಲ್ಲ. ಆ ಮರಕ್ಕೆ... ಕೃತಜ್ಞತೆ."

ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು. ಮಾಲಿನಿಗೆ ನಗು ತಡೆಯಲಾಗದೆ ಮೂಗಿನಿಂದ ಬಂತು. ಅರ್ಚಿತಾ ಫೋನನ್ನು ಕೆಳಗಿಳಿಸಿದಳು. ಅವಳ ಕಿವಿ ಕೆಂಪಾಗಿತ್ತು.

"ಬೇರೆ ಏನಾದ್ರೂ?"

"ಬೇರೆ ಇಲ್ಲ," ಎಂದಳು ಸುಪ್ರಿಯಾ. ಅದು ಸುಳ್ಳಾಗಿರಲಿಲ್ಲ.

ಶೆಡ್ಡಿನೊಳಗೆ ಕುಳಿತು, ಕಾಲಲ್ಲಿ ಮೆಟ್ಟಿ ಬೀಜ ಒಡೆಯುವ ಮಿಷನ್ನಿನ ಮುಂದೆ ಸೊನೆ ತಾಗದಿರಲೆಂದು ಕೈಗೆ ಎಣ್ಣೆ, ಬೂದಿ ಬಳಿದುಕೊಂಡಳು ಸುಪ್ರಿಯಾ.

"ಎಂತಕ್ಕೆ ಹೇಳ್ದೆ ಹೆಣೆ?" ಎಂದಳು ಗಂಗಕ್ಕ. ಬೈಗುಳವಾಗಿರಲಿಲ್ಲ, ಹೆದರಿಕೆಯಾಗಿತ್ತು. "ಇದ್ದದ್ದು ಅದೊಂದು ಜಾಗ."

"ಹೇಳಿದ್ದು ಒಳ್ಳೇದೇ ಆತು," ಎಂದಳು ಮಾಲಿನಿ ಆಚೆಯಿಂದ. "ನಾವು ಸೂರ್ಯ ಚಂದ್ರ ಅಂತ ಹೇಳ್ತ ಕುಂತ್ರೆ ಗುಂಡಿ ತೆಗೂದು ಯಾರು? ಬಾಯಿಲ್ಲದವ್ಳು ಬಾಯಿ ಬಿಟ್ಳು. ನೋಡು ಬೇಕಾದ್ರೆ."

ಮಧ್ಯಾಹ್ನಕ್ಕೆ ಮೊದಲೇ ಒಡೆಯರ ಕಾರು ಬಂತು. ಕಿಟಕಿಯ ಸರಳುಗಳ ನಡುವಿನಿಂದ ಹೆಂಗಸರು ನೋಡಿದರು. ಕಮಲಾಕರ ಹೆಗಡೆಯವರು ಮೂಗಿಗೆ ಕರವಸ್ತ್ರ ಹಿಡಿದು ದೇವುವಿನ ಜೊತೆ ಹಿತ್ತಿಲಿಗೆ ಹೋದರು. ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಆಫೀಸಿನ ಮೆಟ್ಟಿಲ ಮೇಲೆ ನಿಂತು ಕೆಮ್ಮಿ ಉಗುಳಿದರು. ಅವರು ಸೊಸೆಗೆ ಮನೆಮಾತಿನಲ್ಲಿ ಹೇಳಿದ್ದು ಮಾತ್ರ ಸುಪ್ರಿಯಾಳಿಗೆ ಕೇಳಿಸಿತು.

"ಆ ವಿಡಿಯೋ ಎಲ್ಲೂ ಹಾಕಡ ತಂಗಿ. ನೋಡಿದವು ಎಂತ ಹೇಳ್ತ?"

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನಾಚಿಕೆಯೇ ಇತ್ತು. ಅದನ್ನು ಕಂಡು ಸುಪ್ರಿಯಾಳಿಗೆ ಸ್ವಲ್ಪ ಧೈರ್ಯ ಬಂತು.

ಊಟದ ಹೊತ್ತಿಗೆ ಶೆಡ್ಡಿನ ತುಂಬ ಅದೇ ಮಾತು. ಒಡೆಯರು ಕಣ್ಣಾರೆ ಕಂಡಿದ್ದಾರೆ, ಇನ್ನು ಬಿಡುವುದಿಲ್ಲ. ಮಾಲಿನಿ ಅನ್ನದ ಡಬ್ಬಿ ಹಿಡಿದು, ಟೈಲ್ಸು ಹಾಕಿದ ಕಕ್ಕಸಿನಲ್ಲಿ ತಾನು ಹೇಗೆ ಕಾಲ ಮೇಲೆ ಕಾಲು ಹಾಕಿ ಕೂರುತ್ತೇನೆ ಎಂದು ತೋರಿಸಿದಳು. ಗಂಗಕ್ಕ ಕೂಡ ನಕ್ಕಳು. ಸುಪ್ರಿಯಾ ಬಾಟಲಿ ಎತ್ತಿ ಗಟಗಟ ನೀರು ಕುಡಿದಳು. ಎಷ್ಟೋ ತಿಂಗಳಿಂದ ಅವಳು ಹಾಗೆ ಕುಡಿದಿರಲಿಲ್ಲ.

ಮತ್ತೆ ಕೆಲಸಕ್ಕೆ ಕೂತು ಸ್ವಲ್ಪ ಹೊತ್ತಾಗಿತ್ತು. ಹಿತ್ತಿಲ ಕಡೆಯಿಂದ ಮಿಷನ್ನಿನ ಸದ್ದು ಕೇಳಿಸಿತು. ಬುರ್ರನೆ ಎದ್ದು, ನಿಂತು, ಮತ್ತೆ ಎದ್ದಿತು.

"ಗಾಡಿ ಬಂತು. ಗುಂಡಿ ಎಳೂಕೆ ಬಂತು," ಎಂದಳು ಮಾಲಿನಿ. ಗಂಗಕ್ಕ ಕಪ್ಪು ಕೈಗಳನ್ನೇ ಜೋಡಿಸಿ ಹಣೆಗೆ ಮುಟ್ಟಿಸಿಕೊಂಡಳು. ಬಳಿಕ ಸುಪ್ರಿಯಾಳ ಕಡೆ ನೋಡಿ, "ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು," ಎಂದಳು. "ನನ್ನ ಮೈಯಾಗೆ ಬೇಕಾದಷ್ಟು ಅದೆ."

ಸದ್ದು ತುಂಬ ಹೊತ್ತು ಇತ್ತು. ಆಮೇಲೆ ನೆಲವೇ ಅದುರುವಂತೆ ಏನೋ ಬಿತ್ತು.

ಸಂಜೆ ಕೈ ತೊಳೆದು ಹಿಂದಕ್ಕೆ ಹೋದರೆ, ಗೇರುಮರ ಅಡ್ಡ ಬಿದ್ದಿತ್ತು. ಕೊಂಬೆಗಳನ್ನು ಕಡಿದು ಬೇಲಿಯ ಹತ್ತಿರ ರಾಶಿ ಹಾಕಿದ್ದರು. ಕೆಂಪು ಹಣ್ಣುಗಳು ಕಾಲಿಗೆ ಸಿಕ್ಕಿ ಅಪ್ಪಚ್ಚಿಯಾಗಿದ್ದವು. ಬುಡದ ಕೊಯ್ದ ಬಾಯಿಯಿಂದ ಅಂಟು ಒಸರುತ್ತಿತ್ತು, ಅದಕ್ಕೆ ಆಗಲೇ ನೊಣ ಮುತ್ತಿತ್ತು. ಸುತ್ತಲೂ ಬಿಳಿ ಪುಡಿ ಚೆಲ್ಲಿದ್ದರು. ಅದರ ಘಾಟಿಗೆ ಸುಪ್ರಿಯಾಳ ಕಣ್ಣಲ್ಲಿ ನೀರು ಬಂತು. ತಂತಿ ಸುತ್ತಿದ ಕಕ್ಕಸಿನ ಬಾಗಿಲು ಸುತ್ತಿದ ಹಾಗೇ ಇತ್ತು. ಈಗ ಮರ ಇಲ್ಲದ್ದರಿಂದ ಆಚೆ ಸುತ್ತಿ ಬರುವ ಹೆದ್ದಾರಿಯ ತಿರುವಿನವರೆಗೂ ಎಲ್ಲ ಬಟಾಬಯಲು. ಹೊನ್ನಾವರದ ಬಸ್ಸಿನಲ್ಲಿ ಕೂತವರ ತಲೆಗಳು ಕೂಡ ಕಾಣುತ್ತಿದ್ದವು.

ಒಡೆಯರೇ ಬಂದು ಹೇಳಿದರು. "ನನಗೆ ಗೊತ್ತೇ ಇರಲಿಲ್ಲ ನೋಡಿ, ನೀವು ಇಂಥ ಗಲೀಜಿನಲ್ಲಿ ಓಡಾಡ್ತಿದ್ದದ್ದು. ಹಾವು ಹುಳ ಇರೋ ಜಾಗ. ಹೆಣ್ಣುಮಕ್ಕಳ ಮರ್ಯಾದೆ ನಂಗೂ ಮುಖ್ಯ. ಇನ್ನು ಯಾರೂ ಆ ಕಡೆ ಹೋಗುವ ಹಾಗಿಲ್ಲ. ಗುಂಡಿ ಮಳೆಗೆ ಮುಂಚೆ ಮಾಡಿಸೋಣ."

ಹೆಂಗಸರು ಚೀಲ ಹೆಗಲಿಗೇರಿಸಿ ಗೇಟಿನ ಕಡೆ ನಡೆದರು. ಮಾಲಿನಿ ಕೂಡ.

ಬಸ್ಸಿನಲ್ಲಿ ಗಂಗಕ್ಕ ಕಿಟಕಿಯ ಪಕ್ಕ ತೊಡೆ ಬಿಗಿದು, ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದಳು. ಹೊಂಡ ಸಿಕ್ಕಾಗಲೆಲ್ಲ ಕಣ್ಣು ಮುಚ್ಚುತ್ತಿದ್ದಳು. ಪಕ್ಕದಲ್ಲಿ ಸುಪ್ರಿಯಾ ಕೂಡ ಹಾಗೇ ಕೂತಿದ್ದಳು. ಮಧ್ಯಾಹ್ನ ಕುಡಿದ ನೀರು ಹೊಟ್ಟೆಯಲ್ಲಿ ಕಲ್ಲಾಗಿತ್ತು. ತಾನು ಹೇಳಿದ ಮಾತು ನೆನಪಾಗಿ ಬಾಯೆಲ್ಲ ಕಹಿಯಾಯಿತು. ಉಗಿಯಬೇಕು ಅನ್ನಿಸಿತು, ಉಗಿಯಲಿಲ್ಲ. ಕುಮಟೆಯಲ್ಲಿ ಇಳಿದಾಗ ಗಂಗಕ್ಕನ ಸೀರೆಯ ಹಿಂಭಾಗ ಒದ್ದೆಯಾಗಿತ್ತು. ಸುಪ್ರಿಯಾ ಬಸ್‌ಸ್ಟ್ಯಾಂಡ್ ದಾಟುವವರೆಗೂ ಅವಳ ಬೆನ್ನಿಗೆ ಅಂಟಿಕೊಂಡೇ ನಡೆದಳು.

ಮರುದಿನ ಬಸ್ಸು ತಡವಾಯಿತು. ಇಬ್ಬರೂ ಓಡುತ್ತ ಗೇಟು ದಾಟುವಾಗ ವೃತ್ತ ಆಗಲೇ ನಿಂತಿತ್ತು. ಮಾಲಿನಿ ಕೈ ಬಿಡಿಸಿ ಅವರಿಗೆ ಜಾಗ ಕೊಟ್ಟಳು.

"ಇವತ್ತು ಎಲ್ಲರೂ ಸೇರಿ ಒಂದೇ ಕೃತಜ್ಞತೆ," ಎಂದಳು ಅರ್ಚಿತಾ. ಅವಳ ದನಿ ಎಂದಿನ ಹಾಗೇ ಇತ್ತು. "ನಮ್ಮ ಹಿಂದಿನ ಅಂಗಳ ಎಷ್ಟು ಸ್ವಚ್ಛ ಆಗಿದೆ ಅಲ್ವಾ? ನಾವು ಹೇಳಿದ ತಕ್ಷಣ ಮಾವ ಮಾಡಿಸಿದ್ರು. ಅದಕ್ಕೆ ಒಂದು ಚಪ್ಪಾಳೆ."

ಚಪ್ಪಾಳೆ ಬಿತ್ತು. ಸೊನೆ ಹತ್ತಿದ ಕೈಗಳ ಚಪ್ಪಾಳೆಗೆ ಸದ್ದು ಕಡಿಮೆ. ಸುಪ್ರಿಯಾಳ ಕೈಯೂ ತಟ್ಟಿತು. ತಟ್ಟುತ್ತಿರುವ ತನ್ನ ಕೈಗಳನ್ನು ನೋಡಿ ಅವಳಿಗೆ ಹೇಸಿಗೆಯಾಯಿತು. ಹುಳ ಕಂಡ ದಿನಕ್ಕಿಂತ ಹೆಚ್ಚು ಹೇಸಿಗೆ.

"ಈಗ ಕೈ ಹಿಡೀರಿ. ಕಣ್ಣು ಮುಚ್ಚಿ. ಆಳವಾಗಿ ಉಸಿರು ತಗೊಳ್ಳಿ." ಅರ್ಚಿತಾ ತಾನೂ ಕಣ್ಣು ಮುಚ್ಚಿದಳು.

ಗಂಗಕ್ಕನ ಉಗುರು ಸುಪ್ರಿಯಾಳ ಅಂಗೈಗೆ ಇಳಿಯಿತು. "ಆಗೂದಿಲ್ಲ ಹೆಣೆ," ಎಂದಳು, ಉಸಿರಿಗಿಂತ ಸಣ್ಣಗೆ. "ಇನ್ನು ಆಗೂದೇ ಇಲ್ಲ."

ಸುಪ್ರಿಯಾ ಸುತ್ತ ನೋಡಿದಳು. ಆಫೀಸಿನ ಪಕ್ಕದ ಕಕ್ಕಸಿನ ಬಾಗಿಲಿಗೆ ಬೀಗ. ಹಿಂದೆ ಬಯಲು. ಮುಂದೆ ಹೆದ್ದಾರಿ. ಅವಳು ಗಂಗಕ್ಕನ ಕೈಯನ್ನು ಬಿಡದೆ, ಮೆಲ್ಲಗೆ ಅವಳನ್ನು ವೃತ್ತದ ಒಳಕ್ಕೆ ಎಳೆದಳು. ಬಳಿಕ ತಾನು ಅವಳಿಗೆ ಬೆನ್ನು ಮಾಡಿ ಹೊರಮುಖವಾಗಿ ತಿರುಗಿ ನಿಂತಳು. ಗಂಗಕ್ಕನ ಆಚೆ ನಿಂತಿದ್ದ ಹೆಂಗಸಿಗೆ ಕೈ ಚಾಚಿದಳು.

ಮಾಲಿನಿ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಅವಳೂ ತಿರುಗಿದಳು. ಅವಳ ಪಕ್ಕದವಳು ತಿರುಗಿದಳು. ಒಬ್ಬೊಬ್ಬಳೇ ಸೆರಗು ಬಿಡಿಸಿ, ಸೀರೆ ಅಗಲಿಸಿ, ಭುಜಕ್ಕೆ ಭುಜ ತಾಗಿಸಿ ಒತ್ತಿ ನಿಂತಳು. ಗೇಟಿನ ಹತ್ತಿರ ನಿಂತಿದ್ದ ದೇವು ಇತ್ತ ನೋಡಿ, ತಟ್ಟನೆ ರಸ್ತೆಯ ಕಡೆಗೆ ಮುಖ ತಿರುಗಿಸಿದ.

ಅರ್ಚಿತಾ ಕಣ್ಣು ತೆರೆದಾಗ ಹೆಂಗಸರೆಲ್ಲ ಕೈ ಕೈ ಹಿಡಿದು ಹೊರಮುಖವಾಗಿ ನಿಂತಿದ್ದರು, ಎದುರಿಗಿದ್ದವರು ಅವಳನ್ನೇ ನೋಡುತ್ತಿದ್ದರು. ಅವಳು ಅಭ್ಯಾಸದಿಂದ ಫೋನನ್ನು ಮೇಲೆತ್ತಿದಳು. ಮುಗುಳ್ನಕ್ಕು, "ಇದೇನು, ಉಲ್ಟಾ ನಿಂತಿದ್ದೀರಿ," ಎಂದಳು.

ಸುಪ್ರಿಯಾ ಮೊದಲ ಸಲ ಅವಳ ಕಣ್ಣನ್ನು ನೇರವಾಗಿ ನೋಡಿದಳು. ಬೆನ್ನ ಹಿಂದೆ ನೆಲಕ್ಕೆ ನೀರು ಬೀಳುವ ಸದ್ದು ಶುರುವಾಯಿತು. ತುಂಬ ಹೊತ್ತು ಕೇಳಿಸಿತು. ಆಮೇಲೆ ಸಣ್ಣ ಎಳೆಯೊಂದು ಅವಳ ಬರಿಗಾಲುಗಳ ನಡುವಿನಿಂದ ಬೆಚ್ಚಗೆ ಹೊರಬಂದು, ನೆಲದ ಬೂದಿಯನ್ನು ಕೂಡಿಸಿಕೊಂಡು, ಅಂಗಳದ ಇಳಿಜಾರಿನಲ್ಲಿ ಆಫೀಸಿನ ಮೆಟ್ಟಿಲ ಕಡೆಗೆ ನಿಧಾನವಾಗಿ ಹರಿಯತೊಡಗಿತು.