ಮುಂದೆ ಕೂತು ನಗುವ ಕೆಲಸ

ಮೇಣ ಕರಗುವ ಈ ವಾಸನೆ, ಸ್ವಲ್ಪ ಸಿಹಿ, ಸ್ವಲ್ಪ ಸುಟ್ಟದ್ದು, ಸ್ನಾನ ಮಾಡಿದರೂ ಹೋಗುವುದಿಲ್ಲ — ಬೆಳಿಗ್ಗೆ ಬಾಗಿಲಲ್ಲಿ ಎದುರಾದ ಅತ್ತಿಗೆ ಮೂಗು ಮುರಿದಳು, ಮುರಿಯಲಿ, ಅವಳಿಗೆ ಮೂಗಿರುವುದೇ ಅದಕ್ಕೆ, ನಿನ್ನೆ ನಾನು ನೋಡಲು ಬಂದ ಗಂಡನ್ನು ಬೇಡವೆಂದ ಮೇಲೆ ಮಾತು ಬಿಟ್ಟಿದ್ದಾಳೆ, ಇಷ್ಟು ಸುಖ ಆ ಮನೆಯಲ್ಲಿ ಎಂದೂ ಸಿಕ್ಕಿರಲಿಲ್ಲ. ಈ ಕೋರೆಹಲ್ಲನ್ನು ಮೇಣದ ವಸಡಿನಲ್ಲಿ ತುಸು ತಿರುಗಿಸಿ ಕೂರಿಸಬೇಕು, ಎಲ್ಲ ಒಂದೇ ಸಾಲಿಗೆ ನಿಂತರೆ ಕಟ್ಟಿಸಿದ ಹಲ್ಲೆಂದು ಯಾರಿಗಾದರೂ ಗೊತ್ತಾಗುತ್ತದೆ, ನಿನ್ನೆ ಮುಂದಿನ ಕೋಣೆಯಲ್ಲಿ ಸಾಲಾಗಿ ಕೂತಿದ್ದರಲ್ಲ, ಅಣ್ಣ, ಅತ್ತಿಗೆ, ದೊಡ್ಡಮ್ಮ, ಮೂವರದೂ ಒಂದೇ ಅಚ್ಚಿನ ನಗು, ನಲವತ್ತಕ್ಕೆ ಬಂದವಳಿಗೆ ಒಬ್ಬ ಸಿಕ್ಕಿದ್ದೇ ಹೆಚ್ಚೆಂಬ ನಗು. ಹಲ್ಲಿದ್ದಾಗ ಕಡಲೆ ಸಿಗಲಿಲ್ಲ, ಈಗ ಸಿಕ್ಕಿದೆ, ಉಳಿದಿರೋ ಹಲ್ಲು ಉದುರೋಕೆ ಮುಂಚೆ ತಿಂದುಬಿಡೇ, ಎಂದಳು ದೊಡ್ಡಮ್ಮ, ಉದುರಿದರೆ ನಾನೇ ಮಾಡ್ಕೊಳ್ತೀನಿ ದೊಡ್ಡಮ್ಮ, ನಿಮ್ಮ ಬಾಯಲ್ಲಿರೋದೂ ನಾನು ಮಾಡಿದ್ದೇ — ಅನ್ನಲಿಲ್ಲ, ನುಂಗಿಕೊಂಡೆ, ನುಂಗುವುದರಲ್ಲಿ ನಾನು ಎತ್ತಿದ ಕೈ. ಕಡಲೆ ಎಂದರೆ ಆತ, ಹೆಂಡತಿ ತೀರಿಕೊಂಡ ಸೋಫಾ ಮಳಿಗೆಯ ಯಜಮಾನ, ಬಂದವನೇ ನಮ್ಮ ಕುರ್ಚಿಯ ಮೆತ್ತೆಯನ್ನು ಒತ್ತಿ ನೋಡಿದ, ನನ್ನನ್ನೂ ಹಾಗೆಯೇ ನೋಡಿದ, ಒತ್ತಲಿಲ್ಲ ಅಷ್ಟೆ. ಕೇಳಿದ್ದು ನನ್ನನ್ನಲ್ಲ, ಅಣ್ಣನನ್ನು. ಈ ಹಲ್ಲು ಮಾಡೋ ಕೆಲಸ ಬಿಡ್ತಾರೆ ತಾನೆ, ಊಟಕ್ಕೆ ಕೂತಾಗ ನೆನಪಾದ್ರೆ ಒಂಥರಾ ಆಗುತ್ತೆ ನೋಡಿ, ನಮ್ಮ ಮಳಿಗೇಲಿ ಮುಂದೆ ಕೂತು ನಗ್ತಾ ಇದ್ರೆ ಸಾಕು. ಬಿಡ್ತಾಳೆ ಬಿಡ್ತಾಳೆ, ಎಂದ ಅಣ್ಣ, ಯಾವ ಅಂಗಿ ಹಾಕಿಕೊಳ್ಳಲಿ ಎಂದು ದಿನಾ ಹೆಂಡತಿಯನ್ನು ಕೇಳುವವನು ನನ್ನ ಬದುಕಿಗೆ ಉತ್ತರ ಕೊಟ್ಟ, ಬಾಯಲ್ಲಿದ್ದ ಬಿಸ್ಕತ್ತನ್ನು ಪೂರ್ತಿ ಅಗಿಯದೆ.

ಅವರನ್ನು ಆಡಿಕೊಳ್ಳುವುದು ಸುಲಭ, ನನ್ನದೇನು, ನನ್ನ ತುಟಿಯೂ ಆಗಲೇ ಅಗಲವಾಗಿತ್ತು, ಕತ್ತು ಹೂಂ ಎನ್ನಲು ಬಗ್ಗುತ್ತಿತ್ತು, ಥೂ, ನನ್ನದೇ ಕತ್ತು, ಯಾರು ಕೀಲಿ ಕೊಟ್ಟಿದ್ದರೋ ಅದಕ್ಕೆ — ಸ್ವಂತ ಮನೆ, ಜ್ವರ ಬಂದರೆ ನೀರು ಕೊಡುವ ಒಂದು ಜೀವ, ಒಂದು ಕ್ಷಣ ಎಲ್ಲ ಬೇಕೆನಿಸಿತು, ಸುಳ್ಳೇಕೆ. ಆಮೇಲೆ ಮನಸ್ಸಿನಲ್ಲೇ ಕಂಡೆ, ಅವನ ಮಳಿಗೆಯ ಗಾಜಿನ ಹಿಂದೆ ನಾನು, ಬೆಲೆಚೀಟಿ ಇಲ್ಲದ ಒಂದೇ ಸಾಮಾನು, ದಿನವಿಡೀ ಹಲ್ಲು ಕಿರಿಯುತ್ತೇನೆ, ಕೈಗಳು ತೊಡೆಯ ಮೇಲೆ ಸತ್ತು ಬಿದ್ದಿವೆ. ಬೇಡ, ಅಂದೆ. ಏನು ಬೇಡ, ಟೀನಾ, ಎಂದಳು ಅತ್ತಿಗೆ. ಇವರು ಬೇಡ, ಅಂದೆ. ಸರಿಯಾಗಿ ಯೋಚನೆ ಮಾಡಿ ಹೇಳಿ, ಎಂದ ಆತ, ಮೊದಲ ಸಲ ನನ್ನ ಕಡೆ ತಿರುಗಿ. ಯೋಚನೆ ಮಾಡದೆ ಇದ್ದಿದ್ರೆ ಹೂಂ ಅಂತಿದ್ದೆ, ಅಂದೆ. ಆತ ಅದ್ದಿದ ಬಿಸ್ಕತ್ತು ಅಷ್ಟು ಹೊತ್ತೂ ಟೀಯಲ್ಲೇ ಇತ್ತು, ನೆನೆದು, ಮುರಿದು, ಮುಳುಗಿತು, ಅಯ್ಯೋ ಎಂದು ಅತ್ತಿಗೆ ಚಮಚ ತರಲು ಓಡಿದಳು.

ಆತ ಹೋದ ಮೇಲೆ ಅಣ್ಣ ಕೂಗಾಡಿದ, ನಾವು ಸತ್ತ ಮೇಲೆ ನಿನ್ನ ಯಾರೇ ನೋಡ್ಕೊಳ್ತಾರೆ, ಈಗ ಯಾರು ನೋಡ್ಕೊಳ್ತಿದ್ದಾರೆ ಅಣ್ಣ, ಅಂದೆ, ಹಾಗಾದ್ರೆ ಬೇರೆ ಮನೆ ನೋಡ್ಕೋ, ಎಂದ, ನೋಡಿದ್ದಾಯಿತು, ಇವತ್ತು ಬೆಳಿಗ್ಗೆ ಕೆಲಸಕ್ಕೆ ಬರುವ ದಾರಿಯಲ್ಲೇ, ಔಷಧಿ ಅಂಗಡಿಯ ಮೇಲೊಂದು ಕೋಣೆ, ಕಿಟಕಿ ಒಂದೇ, ನಲ್ಲಿ ಸೋರುತ್ತದೆ, ಸೋರಲಿ. ಹೆದರಿಕೆ ಇಲ್ಲವೇ, ಇದೆ, ಕೋರೆಹಲ್ಲು ಮತ್ತೆ ವಾಲಿತು, ಮೇಣ ಬಿಸಿ ಮಾಡಬೇಕು, ಮಾಡುತ್ತೇನೆ, ಆದರೆ ನಿನ್ನೆಯ ಆ ಚಮಚ — ನಾನು ಅಲ್ಲೇ ನಿಂತಿದ್ದೆ, ಹುಟ್ಟಿದಂದಿನಿಂದ ಮೊದಲ ಸಲ ನನ್ನ ಮಾತನ್ನು ನಾನೇ ಆಡಿ, ಯಾರೂ ನನ್ನನ್ನು ನೋಡಲಿಲ್ಲ, ನಾಲ್ಕು ತಲೆಗಳು ಆ ಲೋಟದ ಮೇಲೆ ಬಗ್ಗಿದ್ದವು, ಸಿಕ್ತಾ, ಇಲ್ಲ, ಈ ಕಡೆ ಇದೆ ನೋಡಿ, ಚಮಚ ಇಳಿಯುತ್ತಿತ್ತು, ಬರಿದೇ ಮೇಲೆ ಬರುತ್ತಿತ್ತು, ಮತ್ತೆ ಇಳಿಯುತ್ತಿತ್ತು, ಚಮಚ, ಬರೀ ಚಮಚ