ಸಡಿಲಿಸದ ಹಾಸು

ಮಗ್ಗದ ಮೇಲಿನ ಪೆಟ್ಟಿಗೆಯೊಳಗೆ ಎಲೆಕ್ಟ್ರಾನಿಕ್ ಕಾರ್ಡು ಸುಟ್ಟು ಕರಕಲಾಗಿತ್ತು. ಅಷ್ಟಕ್ಕೇ ಪಳನಿಸ್ವಾಮಿ ಒಂದು ಕಾಗದ ಟೈಪು ಮಾಡಿಸಿಕೊಂಡು ಬಂದುಬಿಟ್ಟ: ನೇಕಾರ ತಿಮ್ಮರಾಯಪ್ಪ ಒದ್ದೆ ಕೈಯಲ್ಲಿ ಯಂತ್ರ ಮುಟ್ಟಿ ಕೆಡಿಸಿದ್ದಾನೆ, ಎಂದು. ಅದಕ್ಕೆ ಸಹಿ ಹಾಕಬೇಕಾದವಳು ಆ ತಿಮ್ಮರಾಯಪ್ಪನ ಮಗಳೇ, ಈಶ್ವರಿ. ಹೇಗಿದೆ ನೋಡಿ ನ್ಯಾಯ!

ಕನ್ನಡ ಮಾತಾಡುವ ನೇಕಾರರೂ ಇರುವ ಸೇಲಂನಲ್ಲಿ, ತೊಂಬತ್ತೊಂಬತ್ತನೇ ಇಸವಿಯ ಮಾತು. ಕಂಪ್ಯೂಟರು ಹೇಳಿದಂತೆ ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ, ಎಳೆಗಳನ್ನೆತ್ತಿ ಸೀರೆಯ ಅಂಚಿಗೆ ಹೂ ಮೂಡಿಸುವ ಪೆಟ್ಟಿಗೆ ಪಳನಿಸ್ವಾಮಿಯದು. ಕಂಪ್ಯೂಟರಿನ ತಿರುಳಾದ ಲಿನಕ್ಸ್ ಕರ್ನಲ್ಲಿಗೂ ಆ ಪೆಟ್ಟಿಗೆಗೂ ಮಾತುಕತೆ ನಡೆಸಿಕೊಡುವ ಡ್ರೈವರ್ ಎಂಬ ಪ್ರೋಗ್ರಾಮು ಬರೆದವಳು ಅವನ ಬಳಿ ಕೆಲಸಕ್ಕಿದ್ದ ಈಶ್ವರಿ. ನೇಕಾರರ ಸಂಘದವರು ಪರೀಕ್ಷೆಗೆಂದು ಅದನ್ನು ಅವಳಪ್ಪನ ಮಗ್ಗಕ್ಕೇ ಕೂರಿಸಿದ್ದರು. ಯಂತ್ರ ಬಲ್ಲವಳೆಂದು ಈಗ ಅವಳು ಸಹಿ ಹಾಕಿದರೆ ಅಪ್ಪನ ಹೆಸರು ಸಂಘದ ಪಟ್ಟಿಯಿಂದ ಹೊಡೆದುಹೋಗುತ್ತದೆ. ಮೂವತ್ತು ವರ್ಷ ನೇಯ್ದ ಕೈಗೆ ಕೆಟ್ಟ ಕೈ ಎಂಬ ಹೆಸರು ಬರುತ್ತದೆ.

ಕಾರ್ಡು ಸುಟ್ಟದ್ದೇಕೆ ಎಂಬುದು ಈಶ್ವರಿಗೆ ಹಿಂದಿನ ದಿನವೇ ಗೊತ್ತಾಗಿತ್ತು. ಡ್ರೈವರ್ ಎದ್ದೊಡನೆ ಮೂರು ಕೆಲಸ: ಕಾರ್ಡಿಗೆ ಕಂಪ್ಯೂಟರಿನಲ್ಲಿ ಜಾಗ ಹಿಡಿಯುವುದು, ಕ್ಲಾಕ್ ಹಚ್ಚುವುದು, ಎಳೆ ಎತ್ತುವ ತಂತಿಸುರುಳಿಗಳನ್ನು, ಅಂದರೆ ಕಾಯಿಲುಗಳನ್ನು, ಎಬ್ಬಿಸುವುದು. ಕ್ಲಾಕ್ ಎಂದರೆ ಗೋಡೆಯದ್ದಲ್ಲ, ಕಾರ್ಡಿನ ನಾಡಿ. ಅದು ಬಡಿಯುವಷ್ಟು ಹೊತ್ತೂ ಕಾರ್ಡು ಕರೆಂಟು ಕುಡಿದು ಬಿಸಿಯಾಗುತ್ತದೆ. ಅಂದು ಕಾಯಿಲು ಏಳಲಿಲ್ಲ. ಡ್ರೈವರ್ 'ಆಗಲಿಲ್ಲ' ಎಂದು ಕೈಚೆಲ್ಲಿ ವಾಪಸು ಬಂತು. ಹಚ್ಚಿದ ಕ್ಲಾಕನ್ನು ಮಾತ್ರ ಯಾರೂ ಆರಿಸಲಿಲ್ಲ.

ಆರಿಸಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ, ನೇಕಾರರ ಮನೆಯ ಬುದ್ಧಿ! ಅವರಲ್ಲಿ ಮಗ್ಗ ಬರಿದು ಮಾಡುವುದಿಲ್ಲ; ಹಳೇ ಹಾಸಿನ ತುದಿಗೇ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುತ್ತಾರೆ. ಹಚ್ಚಿದ್ದು ಹಚ್ಚಿದಂತಿರಲಿ, ಮುಂದಿನ ಸಲ ಅಲ್ಲಿಂದಲೇ ಸೇರಿಸಿಕೊಂಡರಾಯಿತು ಎಂದುಕೊಂಡಿದ್ದಳು.

ಇದನ್ನು ಹೇಳಿದಾಗ ಅಪ್ಪ ನಕ್ಕುಬಿಟ್ಟಿದ್ದ. "ಎಳೆ ಮಗ್ಗದಾಗೇ ಇರ್ತೈತೆ ಕಣವ್ವಾ, ದಿಟ. ಬಿಗೀನೂ ಅಂಗೇ ಇಕ್ಕಿ ಓಗ್ತೀವಾ? ಊಟಕ್ಕೆ ಎದ್ರೂ ಹಾಸು ಸಡ್ಲ ಮಾಡೇ ಏಳ್ಬೇಕು. ಕೊನೇಗೆ ಬಿಗಿದಿದ್ದು ಮೊದ್ಲು ಸಡ್ಲ."

ಅಂದೇ ಅವಳು ಡ್ರೈವರನ್ನು ತಿದ್ದಿದಳು. ಎಲ್ಲಿ ಎಡವಿದರೂ ಅಲ್ಲಿಯವರೆಗೆ ಹಿಡಿದದ್ದನ್ನೆಲ್ಲ ಹಿಂದುಮುಂದಾಗಿ, ಕೊನೆಯದ್ದು ಮೊದಲು, ಬಿಟ್ಟುಕೊಟ್ಟೇ ಹೊರಬರುವಂತೆ ಬರೆದಳು.

ಈಗ ಮಗ್ಗದ ಪಕ್ಕದಲ್ಲಿ, ಅಪ್ಪನ ಮತ್ತು ಸಂಘದ ಕಾರ್ಯದರ್ಶಿ ಮುನುಸ್ವಾಮಿಯ ಎದುರೇ, ಪಳನಿಸ್ವಾಮಿ ಕಾಗದವನ್ನು ಮೇಜಿನ ಮೇಲಿಟ್ಟು ಪೆನ್ನು ಚಾಚಿದ. "ಕೈಯೆಳುತ್ತು ಪೋಡಮ್ಮಾ, ನೇರಮಾಗುದು," ಸಹಿ ಹಾಕು, ಹೊತ್ತಾಯಿತು ಎಂದು ತಮಿಳಿನಲ್ಲಿ ಅವಸರಿಸಿದ.

"ಹಾಕಲ್ಲ."

"ಎನ್ನಾ?"

"ಹಾಕಲ್ಲ ಅಂದೆ! ನಮ್ಮಪ್ಪನ ಕೈ ಒದ್ದೆ ಇರ್ಲಿಲ್ಲ. ತಪ್ಪಿರೋದು ಪ್ರೋಗ್ರಾಮಲ್ಲಿ. ಬರ್ದೋಳು ನಾನು."

ಹೇಳಿದವಳೇ ಉಳಿದಿದ್ದ ಇನ್ನೊಂದು ಕಾರ್ಡನ್ನು ಕೂರಿಸಿ, ಕಾಯಿಲಿನ ಕೇಬಲ್ಲನ್ನು ಬೇಕೆಂದೇ ಕಿತ್ತು, ಹಳೇ ಡ್ರೈವರ್ ಹಾಕಿದಳು. ಪರದೆಯ ಮೇಲೆ 'ಆಗಲಿಲ್ಲ' ಎಂದು ಬಂತು.

"ಇರೋದು ಅದೊಂದೇ ಕಾರ್ಡು!" ಪಳನಿಸ್ವಾಮಿ ತಲೆ ಚಚ್ಚಿಕೊಂಡ.

"ಐದು ನಿಮಿಷ ತಾಳಿ." ಅಷ್ಟು ಹೊತ್ತು ಕಳೆದ ಮೇಲೆ ಈಶ್ವರಿ ಮುನುಸ್ವಾಮಿಯತ್ತ ತಿರುಗಿದಳು. "ಸಾರ್, ಈಗ ಕಾರ್ಡಿನ ಮೇಲೆ ಬೆರಳಿಡಿ."

ಮುನುಸ್ವಾಮಿ ಬೆರಳಿಟ್ಟು, "ಅಯ್ಯಯ್ಯೋ!" ಎಂದು ಕೈ ಕೊಡವಿದ. ಅವಳು ಎಲ್ಲ ಆರಿಸಿ, ಕಾರ್ಡು ಆರಲು ಬಿಟ್ಟು, ತಿದ್ದಿದ ಡ್ರೈವರ್ ಹಾಕಿದಳು. ಮತ್ತೆ 'ಆಗಲಿಲ್ಲ'. ಮತ್ತೆ ಐದು ನಿಮಿಷ. ಈ ಸಲ ತಿಮ್ಮರಾಯಪ್ಪನೇ ಮುಂದೆ ಬಂದು ಅಂಗೈ ಊರಿದ.

"ತಣ್ಗೈತೆ," ಎಂದ.

"ನಿಮ್ಮ ಹೆಸರು ಎಲ್ಲೂ ಹೋಗಲ್ಲ ಬಿಡಿ," ಎಂದ ಮುನುಸ್ವಾಮಿ, ಬಿಸಿ ತಾಗಿದ ಬೆರಳಿಗೆ ಉಫ್ ಎಂದು ಊದುತ್ತ.

ಪಳನಿಸ್ವಾಮಿಯ ಮುಖ ಕಪ್ಪಿಟ್ಟಿತು. ತನ್ನ ತಪ್ಪನ್ನು ತಾನೇ ಡಂಗುರ ಸಾರುವವಳು ತನಗೆ ಬೇಡ, ನಾಳೆಯಿಂದ ಕಾಲಿಡಕೂಡದು ಎಂದು ತಮಿಳಿನಲ್ಲಿ ಕೂಗಾಡಿದ. ಈಶ್ವರಿಗೆ ಆ ಕೆಲಸ ಬೇಕಿತ್ತು, ಸುಳ್ಳೇಕೆ? ಆದರೂ ಗದ್ದ ಇಳಿಸಲಿಲ್ಲ. ತಿದ್ದಿದ ಡ್ರೈವರಿನ ಫ್ಲಾಪಿಯನ್ನು ಅವನ ಮುಂದಿಟ್ಟಳು.

"ಇಟ್ಕೊಳಿ. ಬಿಗಿದಿದ್ದೆಲ್ಲ ಸಡ್ಲ ಮಾಡೇ ಓಗ್ತಾ ಇದೀನಿ."

ತಿಮ್ಮರಾಯಪ್ಪ ಮೇಜಿನ ಮೇಲಿದ್ದ ಸಹಿಯಿಲ್ಲದ ಕಾಗದವನ್ನು ನಿಧಾನಕ್ಕೆ ಎತ್ತಿಕೊಂಡ.

"ಇದು ನಂಗಿರ್ಲಿ ಸಾಮೀ. ಹಾಸು ಸುತ್ತೋವಾಗ ಎಳೆ ಸಿಕ್ಕಾಗ್ದಂಗೆ ಪದ್ರದ ಮಧ್ಯೆ ಇಕ್ಕೋಕೆ ಕಾಗ್ದ ಸಾಲ್ದಾಗಿತ್ತು."